ಪೌಲ್ನಬ್ರೋನ್ ತ್ರೀಡಿ ಮಾಡೆಲ್: ಮೇಲ್ಭಾಗ ಮುಗಿಯಿತು, ಒಳಭಾಗ ಬಾಕಿ

ಪೌಲ್ನಬ್ರೋನ್ ಒಂದು ಪುರಾತನ ಕಲ್ಲಿನ ಗೋರಿ. ಇರುವುದು ಐರ್ಲೆಂಡಿನ ಕ್ಲೇರ್ ಕೌಂಟಿಯ ಬರನ್ ಎಂಬ ಕಲ್ಲುನೆಲದ ಪ್ರದೇಶದಲ್ಲಿ. ನೆಟ್ಟಗೆ ನಿಲ್ಲಿಸಿದ ಚಪ್ಪಡಿಗಳು, ಅವುಗಳ ಮೇಲೆ ಓರೆಯಾಗಿ ಕೂತ ಸುಮಾರು 4 ಮೀಟರ್ ಉದ್ದದ ಹಾಸುಗಲ್ಲು. ಸುತ್ತಲಿನ ನೆಲವೂ ಅದೇ ಬೂದು ಸುಣ್ಣಕಲ್ಲು, ಉದ್ದುದ್ದ ಬಿರುಕುಗಳು. ಫೋಟೊಗಳಿಂದ ಮಾಡೆಲ್ ಕಟ್ಟುವವರಿಗೆ ಇದು ಹಬ್ಬ. ಎಲ್ಲಿ ನೋಡಿದರೂ ಗುರುತು ಹಿಡಿಯಲು ಒಂದು ಗೀರೋ ಗುಳಿಯೋ ಸಿಗುತ್ತದೆ.

ಮೋಡದ ದಿನವೇ ಬೇಕು. ಐರ್ಲೆಂಡಿನಲ್ಲಿ ಅದಕ್ಕೆ ಬರವಿಲ್ಲ ಬಿಡಿ. ಬಿಸಿಲಿದ್ದರೆ ನೆರಳೂ ಕಲ್ಲಿನ ಬಣ್ಣದ ಜೊತೆ ಮಾಡೆಲ್‌ಗೆ ಅಂಟಿಕೊಂಡುಬಿಡುತ್ತದೆ. ಗೋರಿಯ ಸುತ್ತ ಹಗ್ಗ ಕಟ್ಟಿರುವುದರಿಂದ ಹೊರಗಿನಿಂದಲೇ ಸುತ್ತಬೇಕು. ನಿಂತು ಒಂದು ಸುತ್ತು, ಕುಕ್ಕರುಗಾಲಲ್ಲಿ ಕೂತು ಒಂದು ಸುತ್ತು, ಕ್ಯಾಮೆರಾವನ್ನು ಕೋಲಿಗೆ ಸಿಕ್ಕಿಸಿ ಮೇಲೆತ್ತಿ ಇನ್ನೊಂದು. ಅಕ್ಕಪಕ್ಕದ ಫೋಟೊಗಳಲ್ಲಿ ಮುಕ್ಕಾಲು ಭಾಗ ಒಂದೇ ಇರಬೇಕು. ಇಲ್ಲದಿದ್ದರೆ ಫೋಟೊಗಳನ್ನು ಜೋಡಿಸಿ ಮಾಡೆಲ್ ಕಟ್ಟುವ ಮೆಷ್ರೂಮ್ ಸಾಫ್ಟ್‌ವೇರ್‌ಗೆ ಯಾವುದರ ಪಕ್ಕ ಯಾವುದು ಅಂತ ತಿಳಿಯುವುದಿಲ್ಲ.

ಹಾಸುಗಲ್ಲಿನ ಅಡಿಭಾಗ ಮಾತ್ರ ಕೈಗೆ ಸಿಗುತ್ತಿಲ್ಲ. ಅಲ್ಲಿ ಕತ್ತಲೆ ಜಾಸ್ತಿ, ದೂರವೂ ಜಾಸ್ತಿ. ಮಾಡೆಲ್‌ನಲ್ಲಿ ಅಲ್ಲೊಂದು ದೊಡ್ಡ ತೂತು ಉಳಿದಿದೆ. ಒಂದು ಬಟನ್ ಒತ್ತಿದರೆ ಸಾಫ್ಟ್‌ವೇರೇ ಅದನ್ನು ನುಣ್ಣಗೆ ಮುಚ್ಚಿಕೊಡುತ್ತದೆ. ಆದರೆ ಅದು ಯಾರೂ ಕಂಡಿರದ ಕಲ್ಲು, ಅಲ್ವಾ? ಸದ್ಯಕ್ಕೆ ತೂತು ತೂತಾಗಿಯೇ ಇರಲಿ.

ಜಾಸ್ತಿ ಯೋಚನೆಗೆ ಹಚ್ಚಿದ್ದು ಪೂರ್ವದ ಬಾಗಿಲುಗಲ್ಲು. 1985ರಲ್ಲಿ ಹಳೆಯ ಕಲ್ಲಿನಲ್ಲಿ ಬಿರುಕು ಕಂಡುಬಂತು. ಹಾಗಾಗಿ ಅದರ ಜಾಗಕ್ಕೆ ಬೇರೆ ಕಲ್ಲು ನಿಲ್ಲಿಸಿದರು. ಆ ರಿಪೇರಿಯ ಕಾರಣಕ್ಕೇ ಪುರಾತತ್ವಜ್ಞೆ ಆನ್ ಲಿಂಚ್ 1986 ಮತ್ತು 1988ರಲ್ಲಿ ಒಳಗೆ ಅಗೆದು ನೋಡಿದರು. 30ಕ್ಕೂ ಹೆಚ್ಚು ಜನರ ಮೂಳೆಗಳು ಸಿಕ್ಕವು. ಹೆಚ್ಚಿನವು ಕ್ರಿ.ಪೂ. 3800ರಿಂದ 3200ರ ನಡುವಿನವು. ಒಬ್ಬ ಗಂಡಸಿನ ಸೊಂಟದ ಮೂಳೆಯಲ್ಲಿ ಕಲ್ಲಿನ ಆಯುಧದ ಮೊನೆ ಮುರಿದು ಹಾಗೇ ಕೂತಿತ್ತು. ಇಲ್ಲಿ ಸಿಕ್ಕ ಒಂದು ಗಂಡುಕೂಸಿಗೆ ಡೌನ್ ಸಿಂಡ್ರೋಮ್ ಇತ್ತು ಅನ್ನುವುದು 2020ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದಿಂದ ತಿಳಿಯಿತು. ಒಂದು ಕಲ್ಲು ಸೀಳದಿದ್ದರೆ ಇದೆಲ್ಲ ಯಾವಾಗ ಹೊರಬರುತ್ತಿತ್ತೋ.

ಅದಕ್ಕೇ ಆ ಹೊಸ ಕಲ್ಲನ್ನು ಬೇರೆ ಲೇಯರ್‌ಗೆ ಹಾಕಿ, ಬಣ್ಣ ತುಸು ತಿಳಿ ಮಾಡಿದ್ದೇನೆ. ನೋಡುವವರಿಗೆ ಗೊತ್ತಾಗಲಿ. ಗೆಳೆಯನೊಬ್ಬ ಗೋರಿಯ ಸುತ್ತ ಹಿಂದೆ ಇದ್ದ ಕಲ್ಲುಗುಡ್ಡೆಯನ್ನೂ ಸೇರಿಸು ಅಂದ. ಈಗ ಉಳಿದಿರುವುದು ತಗ್ಗಾದ ಒಂದು ದಿಬ್ಬ ಅಷ್ಟೆ. ಅಷ್ಟನ್ನೇ ಇಟ್ಟಿದ್ದೇನೆ.

ತ್ರೀಡಿ ಪ್ರಿಂಟ್ 1:25 ಅಳತೆಯಲ್ಲಿ. ಹಾಸುಗಲ್ಲು 16 ಸೆಂಟಿಮೀಟರ್ ಆಗುತ್ತದೆ, ನನ್ನ ಪ್ರಿಂಟರ್‌ಗೆ ಹಿಡಿಸುತ್ತದೆ. ಅದಕ್ಕೂ ಮೊದಲು ಉದ್ದದ ಕೋಲು, ಟ್ರೈಪಾಡ್ ತೆಗೆದುಕೊಂಡು ಅಡಿಭಾಗಕ್ಕೆ ಇನ್ನೊಂದು ಪ್ರಯತ್ನ. ಆಮೇಲೆ ಕಾರ್ಕ್ ಕೌಂಟಿಯ ಡ್ರೊಂಬೆಗ್. ಅಲ್ಲಿ ವೃತ್ತಾಕಾರದಲ್ಲಿ ನಿಂತ 17 ಕಲ್ಲುಗಳಲ್ಲಿ 13 ಉಳಿದಿವೆ. ಅವುಗಳಿಗೆ ಚಾವಣಿಯ ತಂಟೆಯೂ ಇಲ್ಲ.