ಈಗಿನ ಹುಡುಗರಿಗೆ ಕೆಲಸ ಮಾಡುವ ಮನಸ್ಸೇ ಇಲ್ವಾ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಕೊಡಗಿನ ಗೋಣಿಕೊಪ್ಪದಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ಜೆರಾಕ್ಸ್, ಪ್ರಿಂಟ್, ಜಾತಿ-ಆದಾಯ ಪತ್ರದ ಅರ್ಜಿ, ಆಧಾರ್ ತಿದ್ದುಪಡಿ, ಎಲ್ಲಕ್ಕಿಂತ ಜಾಸ್ತಿ ಕೆಲಸಕ್ಕೆ ಹಾಕುವ ಆನ್‌ಲೈನ್ ಅರ್ಜಿ. ಬಾಗಿಲ ಪಕ್ಕದ ಬೋರ್ಡಿನಲ್ಲಿ 'ಕೆಲಸಕ್ಕೆ ಜನ ಬೇಕಾಗಿದ್ದಾರೆ' ಎಂಬ ಚೀಟಿ ಅಂಟಿಸಲು ಹೋಂಸ್ಟೇಯವರು, ಬಟ್ಟೆ ಅಂಗಡಿಯವರು, ತೋಟದವರು ಬರುತ್ತಾರೆ. ಅಂಟಿಸಿ ಸುಮ್ನೆ ಹೋಗುವುದಿಲ್ಲ, ಕುರ್ಚಿ ಎಳೆದುಕೊಂಡು ಕೂತು ಕೇಳುತ್ತಾರೆ. "ಅಲ್ಲಕ್ಕಾ, ಈಗಿನ ಹುಡುಗರಿಗೆ ಕೆಲಸ ಮಾಡುವ ಮನಸ್ಸೇ ಇಲ್ವಾ? ಎರಡು ದಿನ ಬರ್ತಾರೆ, ಮೂರನೇ ದಿನ ಫೋನ್ ಸ್ವಿಚ್ ಆಫ್." ಮದುವೆ ಮನೆಯಲ್ಲೂ ಇದೇ ಪ್ರಶ್ನೆ, ಬಸ್ಸಿನಲ್ಲೂ ಇದೇ. ಮಕ್ಕಳ ಅಪ್ಪ-ಅಮ್ಮಂದಿರೂ ಕೇಳುತ್ತಾರೆ, ಅದೂ ಮಕ್ಕಳ ಎದುರಿಗೇ.

ಪ್ರತಿ ಸಲ ಅರ್ಧ ಉತ್ತರ ಕೊಡುವಷ್ಟರಲ್ಲಿ ಇನ್ನೊಬ್ಬರು ಜೆರಾಕ್ಸ್‌ಗೆ ಬಂದು ನಿಲ್ಲುತ್ತಾರೆ. ಅದಕ್ಕೇ ಪೂರ್ತಿ ಇಲ್ಲಿ ಬರೆಯುತ್ತಿದ್ದೇನೆ.

ಮನಸ್ಸಿದೆ. ಬೇಕಾದಷ್ಟಿದೆ. ಹೋಗಿರುವುದು ನಂಬಿಕೆ. ಕಷ್ಟಪಟ್ಟು ದುಡಿದರೆ ಮುಂದೆ ಒಳ್ಳೆಯದಾಗುತ್ತದೆ ಎಂದು ನಮ್ಮ ಅಪ್ಪಂದಿರು ನಂಬಿದ್ದರು, ಅವರ ಕಾಲದಲ್ಲಿ ಎಷ್ಟೋ ಮನೆಗಳಲ್ಲಿ ಅದು ನಿಜವೂ ಆಯಿತು. ಆ ಮಾತನ್ನು ಇವತ್ತಿನ ಇಪ್ಪತ್ತೆರಡು ವರ್ಷದವರ ಮುಂದೆ ಹೇಳಿದರೆ ಅವರು ಮುಖ ನೋಡುತ್ತಾರೆ. ಯಾಕೆ ನೋಡುತ್ತಾರೆ ಎಂದು ನನಗೆ ಗೊತ್ತು, ಅವರ ಅರ್ಜಿ ತುಂಬುವವಳು ನಾನೇ ಅಲ್ವಾ.

ಒಂದು ಅರ್ಜಿ ತುಂಬುವುದು ಅಂದರೆ ಏನು ಅಂತ ಸ್ವಲ್ಪ ಹತ್ತಿರದಿಂದ ನೋಡಿ. ಬಾಳೆಲೆ ಊರಿನ ಕಡೆಯಿಂದ ಒಬ್ಬಳು ಹುಡುಗಿ ಬರುತ್ತಾಳೆ. ಊರಲ್ಲಿ ಮಳೆ ಹಿಡಿದರೆ ಕರೆಂಟಿಲ್ಲ, ಕರೆಂಟಿಲ್ಲದಿದ್ದರೆ ಟವರ್ ಇಲ್ಲ. ಅದಕ್ಕೇ ಬಸ್ಸು ಹತ್ತಿ ಬಂದಿರುತ್ತಾಳೆ. ಒಟಿಪಿ ಬರಬೇಕಾದ ನಂಬರ್ ಅಪ್ಪನದು, ಅಪ್ಪ ತೋಟದಲ್ಲಿ, ಅಲ್ಲಿ ನೆಟ್‌ವರ್ಕ್ ಇಲ್ಲ. ಅಪ್ಪ ಗೇಟಿನ ಹತ್ತಿರ ಬಂದು ನಿಂತು ನಂಬರ್ ಓದಿ ಹೇಳುವಷ್ಟರಲ್ಲಿ ಸಮಯ ಮುಗಿದಿರುತ್ತದೆ, ಮತ್ತೆ ಮೊದಲಿಂದ. ಫೋಟೋ 50 ಕೆಬಿ ಮೀರಬಾರದು, ಸಹಿ ಕಪ್ಪು ಶಾಯಿಯಲ್ಲೇ ಇರಬೇಕು, ಮಾರ್ಕ್ಸ್ ಕಾರ್ಡಿನಲ್ಲಿ ಇನಿಷಿಯಲ್ ಮುಂದೆ ಇದ್ದು ಆಧಾರ್‌ನಲ್ಲಿ ಹಿಂದೆ ಇದ್ದರೆ ಅದಕ್ಕೊಂದು ಅಫಿಡವಿಟ್. ಕೊನೆಗೆ ಪರೀಕ್ಷಾ ಕೇಂದ್ರ ಆರಿಸುವಾಗ ಸಾಮಾನ್ಯವಾಗಿ ಮೈಸೂರೋ ಮಂಗಳೂರೋ ಆಗುತ್ತದೆ. ನಮ್ಮ ಜಿಲ್ಲೆಗೆ ರೈಲೇ ಇಲ್ಲ. ಬೆಳಿಗ್ಗೆ ಏಳೂವರೆಗೆ ವರದಿ ಮಾಡಿಕೊಳ್ಳಬೇಕು ಅಂದರೆ ಹಿಂದಿನ ದಿನವೇ ಹೋಗಬೇಕು, ಹುಡುಗಿ ಒಬ್ಬಳೇ ಹೋಗುವುದು ಬೇಡ ಎಂದು ಅಮ್ಮ ಒಂದು ದಿನದ ಕೂಲಿ ಬಿಟ್ಟು ಜೊತೆಗೆ ಹೋಗುತ್ತಾರೆ. ಇಷ್ಟನ್ನು ಮಾಡಿದ ಹುಡುಗಿಯನ್ನು ಸೋಮಾರಿ ಅಂತ ಕರೆದರೆ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ.

ಸರಿ, ಪರೀಕ್ಷೆ ಬರೆದ ಮೇಲೆ ಏನಾಗುತ್ತದೆ? 2019ರಲ್ಲಿ ರೈಲ್ವೆಯವರು ಗ್ರೂಪ್ ಡಿ ಹುದ್ದೆಗೆ ಅರ್ಜಿ ಕರೆದರು. ಒಂದು ಲಕ್ಷದ ಚಿಲ್ಲರೆ ಹುದ್ದೆ, ಒಂದು ಕೋಟಿಗೂ ಜಾಸ್ತಿ ಅರ್ಜಿ. ಪರೀಕ್ಷೆ ನಡೆದದ್ದು 2022ರ ಆಗಸ್ಟ್‌ನಿಂದ. ನಡುವೆ ಕೊರೊನಾ ಬಂದಿತ್ತು ನಿಜ, ಆದರೆ ಕಾದವರ ವಯಸ್ಸು ಕೊರೊನಾಕ್ಕೆ ಅಂತ ನಿಲ್ಲಲಿಲ್ಲ. ನಮ್ಮ ರಾಜ್ಯದ ಪಿಎಸ್‌ಐ ನೇಮಕಾತಿ ಎಲ್ಲರಿಗೂ ನೆನಪಿದೆ. 545 ಹುದ್ದೆ, 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ, ಅಕ್ರಮ ಹೊರಗೆ ಬಂದು 2022ರ ಏಪ್ರಿಲ್‌ನಲ್ಲಿ ಆ ಪರೀಕ್ಷೆ ರದ್ದು, ಮರುಪರೀಕ್ಷೆ 2024ರ ಜನವರಿಯಲ್ಲಿ. ನಿಯತ್ತಾಗಿ ಓದಿ ಪಾಸಾದವರೂ ಮತ್ತೆ ಮೊದಲಿಂದ ಓದಬೇಕಾಯಿತು. ಅಷ್ಟು ದಿನ ಅವರು ಊರಲ್ಲಿ ತಲೆ ತಗ್ಗಿಸಿಕೊಂಡು ಓಡಾಡಿದ್ದಾರೆ. "ಇನ್ನೂ ಓದ್ತಾ ಇದ್ದೀಯಾ?" ಅನ್ನುವ ಪ್ರಶ್ನೆಗಿಂತ ದೊಡ್ಡ ಏಟು ಬೇರೆ ಇಲ್ಲ. ದಯವಿಟ್ಟು ಯಾರನ್ನೂ ಹಾಗೆ ಕೇಳಬೇಡಿ.

"ಹಾಗಾದರೆ ಸರ್ಕಾರಿ ಕೆಲಸದ ಹುಚ್ಚು ಬಿಡಲಿ, ಪ್ರೈವೇಟಲ್ಲಿ ಕೆಲಸ ಇಲ್ವಾ" ಅನ್ನುತ್ತೀರಿ. ಇದೆ. ಯಾವ ಥರದ್ದು ಅಂತ ನನ್ನ ಬೋರ್ಡ್ ನೋಡಿದರೆ ಗೊತ್ತಾಗುತ್ತದೆ. 'ಹೋಂಸ್ಟೇಗೆ ಹುಡುಗ ಬೇಕು, ಊಟ ವಸತಿ ಉಚಿತ, ಸಂಬಳ ಮಾತಾಡಿಕೊಳ್ಳೋಣ.' ಈ 'ಮಾತಾಡಿಕೊಳ್ಳೋಣ' ಎಂಬಲ್ಲೇ ಎಲ್ಲಾ ಗಂಟು. ಒಬ್ಬ ಹುಡುಗ ಅಂಥ ಕಡೆ ಸೇರಿದ. ರೂಮ್ ಕ್ಲೀನಿಂಗ್ ಎಂದು ಸೇರಿದ್ದು. ಆಮೇಲೆ ಅಡುಗೆಯವರು ಬರದ ದಿನ ಅಡುಗೆ, ರಾತ್ರಿ ಹನ್ನೊಂದಕ್ಕೆ ಬರುವ ಗೆಸ್ಟ್‌ಗೆ ಕ್ಯಾಂಪ್‌ಫೈರ್ ಹಾಕುವುದು, ಬೆಳಿಗ್ಗೆ ಆರಕ್ಕೆ ಕಾಫಿ, ಮಧ್ಯೆ ಮಾಲೀಕರ ಕಾರು ತೊಳೆಯುವುದು. ವಾರದ ರಜೆ ಕೇಳಿದರೆ ಶನಿವಾರ-ಭಾನುವಾರ ಸೀಸನ್, ಉಳಿದ ದಿನ ಬೇರೆ ಕೆಲಸ. ನಮ್ಮ ಸುಗ್ಗಿ ಹಬ್ಬ ಪುತ್ತರಿಗೂ ಮನೆಗೆ ಹೋಗಲು ಬಿಡಲಿಲ್ಲ. ತಿಂಗಳ ಸಂಬಳದಲ್ಲಿ ಅರ್ಧ ಕೊಟ್ಟು, ಉಳಿದದ್ದು ಬಿಟ್ಟು ಹೋಗದಿರಲಿ ಅಂತ ಹಿಡಿದಿಟ್ಟುಕೊಂಡರು. ಅವನು ಒಂದು ದಿನ ಬ್ಯಾಗ್ ತೆಗೆದುಕೊಂಡು ಹೊರಟೇ ಹೋದ. ಮರುವಾರ ಅದೇ ಚೀಟಿ ಮತ್ತೆ ನನ್ನ ಬೋರ್ಡಿಗೆ ಬಂತು. ಅಂಟಿಸಲು ಬಂದವರು ಕೇಳಿದ್ದೂ ಇದೇ ಪ್ರಶ್ನೆಯನ್ನೇ.

ಬೆಂಗಳೂರಿಗೆ ಹೋದವರ ಕಥೆಯೂ ಹೇಳುತ್ತೇನೆ. ದೊಡ್ಡ ಐಟಿ ಕಂಪನಿಗಳು ಹೊಸಬರಿಗೆ ಕೊಡುವ ಸಂಬಳ ಹತ್ತು-ಹನ್ನೆರಡು ವರ್ಷದಿಂದ ವರ್ಷಕ್ಕೆ ಮೂರರಿಂದ ನಾಲ್ಕು ಲಕ್ಷದೊಳಗೇ ಸುತ್ತುತ್ತಿದೆ. ಪಿಜಿ ಬಾಡಿಗೆ, ಬಸ್ಸು, ಊಟ ಅಲ್ಲೇ ನಿಂತಿದೆಯಾ? ಇಂಜಿನಿಯರಿಂಗ್ ಓದಿಸಿದ ಸಾಲ ತೀರಿಸಬೇಕಾದವರು ಈ ಲೆಕ್ಕ ಹಾಕಿದರೆ ಅದನ್ನು ದುರಾಸೆ ಎನ್ನಲು ಆಗುವುದಿಲ್ಲ. ಇದರ ಮಧ್ಯೆ 2023ರ ಅಕ್ಟೋಬರ್‌ನಲ್ಲಿ ಇನ್ಫೋಸಿಸ್ ಸಂಸ್ಥಾಪಕ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಅಂದರು. ಅವರು ಕಟ್ಟಿದ್ದು ದೊಡ್ಡದು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ತನ್ನದೇ ಕಂಪನಿಗಾಗಿ ದುಡಿಯುವ 70 ಗಂಟೆಯೂ, ಸಂಬಳ ಏರುತ್ತದೋ ಇಲ್ಲವೋ, ಮುಂದಿನ ತಿಂಗಳು ಕೆಲಸ ಇರುತ್ತದೋ ಇಲ್ಲವೋ ಗೊತ್ತಿಲ್ಲದೆ ದುಡಿಯುವ 70 ಗಂಟೆಯೂ ಒಂದೇ ಅಲ್ಲ.

ಓದಿದಷ್ಟೂ ಕೆಲಸ ಸಿಗುವುದು ಕಷ್ಟ ಎಂಬುದು ನಮ್ಮೂರಿನ ದೂರು ಮಾತ್ರ ಅಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2024ರಲ್ಲಿ ಭಾರತದ ಉದ್ಯೋಗದ ಬಗ್ಗೆ ಒಂದು ವರದಿ ತಂದಿತು. ಅದರ ಪ್ರಕಾರ 2022ರಲ್ಲಿ ಪದವಿ ಓದಿದ ಯುವಜನರಲ್ಲಿ ಶೇ. 29.1ರಷ್ಟು ಮಂದಿ ನಿರುದ್ಯೋಗಿಗಳು. ಓದು-ಬರಹ ಬಾರದ ಯುವಜನರಲ್ಲಿ ಶೇ. 3.4. ಓದದವರಿಗೆ ಒಳ್ಳೆಯ ಕೆಲಸ ಇದೆ ಎಂದು ಇದರ ಅರ್ಥ ಅಲ್ಲ, ಅವರಿಗೆ ಕಾಯಲು ಆಗುವುದಿಲ್ಲ, ಸಿಕ್ಕಿದ್ದನ್ನು ಮಾಡಲೇಬೇಕು. ಆದರೆ ಸಾಲ ಮಾಡಿ ಮಗಳನ್ನು ಡಿಗ್ರಿ ಓದಿಸಿದ ಅಮ್ಮನಿಗೆ ಈ ಅಂಕಿ ಹೇಗೆ ಕಾಣಿಸಬಹುದು ಯೋಚಿಸಿ.

ಕೆಲವರು ಯುವನಿಧಿಯನ್ನು ಬೈಯುತ್ತಾರೆ. ಸರ್ಕಾರ ಪುಕ್ಕಟೆ ದುಡ್ಡು ಕೊಟ್ಟು ಹಾಳು ಮಾಡಿತು ಅಂತ. ಡಿಗ್ರಿ ಆದವರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500, ಅದೂ ಹೆಚ್ಚೆಂದರೆ ಎರಡು ವರ್ಷ, ಪಾಸಾಗಿ ಆರು ತಿಂಗಳಾದರೂ ಕೆಲಸ ಸಿಗದಿದ್ದರೆ ಮಾತ್ರ. ಮೈಸೂರಿನಲ್ಲಿ ಒಂದು ತಿಂಗಳ ಪಿಜಿ ಬಾಡಿಗೆಗೂ ಸಾಲದ ದುಡ್ಡಿಗೆ ಯಾರೂ ಜೀವನ ಪೂರ್ತಿ ಸುಮ್ನೆ ಕೂರುವುದಿಲ್ಲ.

ಈಗ ತೋಟದ ವಿಷಯ. ಕೊಡಗಿನಲ್ಲಿ ಕೂತು ಇದನ್ನು ಬಿಟ್ಟರೆ ಮಾತು ಅರ್ಧ ಆದಂತೆ. ದೇಶದ ಕಾಫಿಯಲ್ಲಿ ಸುಮಾರು ಮೂರನೇ ಒಂದು ಭಾಗ ನಮ್ಮ ಜಿಲ್ಲೆಯದ್ದು. ಕೊಯ್ಲಿಗೆ ಜನ ಸಿಗುವುದಿಲ್ಲ ಎನ್ನುವುದು ನೂರಕ್ಕೆ ನೂರು ನಿಜ. ಅಸ್ಸಾಂ, ಬಂಗಾಳದಿಂದ ಜನ ಬರದಿದ್ದರೆ ಎಷ್ಟೋ ತೋಟದಲ್ಲಿ ಹಣ್ಣು ಗಿಡದಲ್ಲೇ ಒಣಗಿ ಉದುರುತ್ತದೆ. ನಮ್ಮಲ್ಲಿ ಹೆಚ್ಚಿನವರು ಸಣ್ಣ ಬೆಳೆಗಾರರು. ಕಣದಲ್ಲಿ ಕಾಫಿ ಹರಡಿದಾಗ ಮಳೆ ಬಂದರೆ ಅವರ ಹೊಟ್ಟೆ ಉರಿಯುವುದನ್ನು ನಾನು ನೋಡಿದ್ದೇನೆ. 2018ರ ಆಗಸ್ಟ್‌ನಲ್ಲಿ ಗುಡ್ಡ ಜಾರಿ ತೋಟವೇ ಹೋದವರೂ ಇದ್ದಾರೆ. ಅವರ ಸಂಕಟ ಸುಳ್ಳಲ್ಲ.

ಆದರೆ ಲೈನ್‌ಮನೆಯಲ್ಲಿ, ಅಂದರೆ ತೋಟದ ಕಾರ್ಮಿಕರ ಸಾಲುಮನೆಯಲ್ಲಿ, ಹುಟ್ಟಿದ ಹುಡುಗ ಯಾಕೆ ತೋಟಕ್ಕೆ ಬರುವುದಿಲ್ಲ ಅಂತ ಅವನನ್ನೇ ಒಂದು ಸಲ ಕೇಳಿ. ಅವನ ಅಜ್ಜ, ಅಪ್ಪ ಇಬ್ಬರೂ ಅದೇ ತೋಟದಲ್ಲಿ ದುಡಿದರು. ಮರಗಸಿ ಮಾಡುವಾಗ, ಅಂದರೆ ನೆರಳು ಮರದ ಕೊಂಬೆ ಕಡಿಯುವಾಗ, ಅಪ್ಪ ಬಿದ್ದು ಸೊಂಟ ಮುರಿದುಕೊಂಡರು, ಮುಂಗಡದ ಸಾಲ ಮಾತ್ರ ಹಾಗೇ ಉಳಿಯಿತು. ಮನೆ ಅವರದ್ದಲ್ಲ, ಕೆಲಸ ಬಿಟ್ಟರೆ ಮನೆಯನ್ನೂ ಬಿಡಬೇಕು. ಸಿದ್ದಾಪುರ ಕಡೆ ಬೆಳಿಗ್ಗೆ ಕೆಲಸಕ್ಕೆ ಹೊರಟವರ ಎದುರಿಗೇ ಆನೆ ಬಂದು ನಿಲ್ಲುತ್ತದೆ, ಜೀವ ಹೋದವರೂ ಇದ್ದಾರೆ. ತೋಟ ಕಾರ್ಮಿಕರಿಗೆ ಮನೆ, ಔಷಧಿ, ಮಕ್ಕಳಿಗೆ ಶಿಶುವಿಹಾರ ಕೊಡಬೇಕು ಎಂದು 1951ರಲ್ಲೇ ಕಾಯ್ದೆ ಆಗಿತ್ತು, ಅದು ಎಷ್ಟು ಕಡೆ ಸರಿಯಾಗಿ ನಡೆಯಿತು ಎಂಬುದನ್ನು ಲೈನ್‌ಮನೆಯ ಮಾಡು ನೋಡಿದರೆ ಸಾಕು. ಈಚೆಗೆ ಕಾಫಿಗೆ ಹಿಂದೆಂದೂ ಕಾಣದ ರೇಟ್ ಬಂತು, ಜೀಪು ಹೊಸದಾಯಿತು, ಹೋಂಸ್ಟೇ ಎದ್ದಿತು. ಕೂಲಿ ಎಷ್ಟು ಏರಿತು? ಹುಡುಗ ಇದನ್ನೆಲ್ಲ ನೋಡುತ್ತಲೇ ಬೆಳೆದಿದ್ದಾನೆ. ಮೈಸೂರಿನಲ್ಲಿ ಬೈಕ್ ಓಡಿಸಿಕೊಂಡು ಊಟ ತಲುಪಿಸುವುದೂ ಸುಖದ ಕೆಲಸ ಅಲ್ಲ, ಅವನಿಗೂ ಗೊತ್ತು. ಆದರೆ ಅಲ್ಲಿ ಯಾರೂ ಅವನನ್ನು 'ಇಂಥವರ ಲೈನಿನ ಹುಡುಗ' ಎಂದು ಕರೆಯುವುದಿಲ್ಲ. ನನ್ನ ಪ್ರಕಾರ ದುಡ್ಡಿಗಿಂತ ದೊಡ್ಡ ಕಾರಣ ಇದೇ.

ಸೇನೆಯ ಮಾತೂ ಬರಲೇಬೇಕು. ಕಾರ್ಯಪ್ಪ, ತಿಮ್ಮಯ್ಯ ಹುಟ್ಟಿದ ಜಿಲ್ಲೆ ಇದು. ಮನೆಗೊಬ್ಬರು ಸೇನೆಯಲ್ಲಿದ್ದ ಕಾಲ ಇತ್ತು. ಪಿಂಚಣಿ ಬಂದಿತು, ಮನೆ ಕಟ್ಟಿದರು, ಮಕ್ಕಳನ್ನು ಓದಿಸಿದರು. 2022ರ ಜೂನ್‌ನಲ್ಲಿ ಅಗ್ನಿಪಥ್ ಬಂದ ಮೇಲೆ ಜವಾನರಾಗಿ ಸೇರುವವರಿಗೆ ನಾಲ್ಕು ವರ್ಷದ ಅವಧಿ, ಅದರಲ್ಲಿ ಶೇ. 25ರವರೆಗೆ ಮಾತ್ರ ಮುಂದುವರಿಯುವ ಅವಕಾಶ. ಉಳಿದವರಿಗೆ ಒಂದು ಗಂಟು ಹಣ ಸಿಗುತ್ತದೆ, ಪಿಂಚಣಿ ಇಲ್ಲ. ಈಗಲೂ ನಮ್ಮ ಹುಡುಗರು ಬೆಳಗಿನ ಜಾವ ಎದ್ದು ರಸ್ತೆಯಲ್ಲಿ ಓಡುತ್ತಾರೆ, ಅರ್ಜಿ ಹಾಕಲು ನನ್ನಲ್ಲಿಗೇ ಬರುತ್ತಾರೆ. ಅರ್ಜಿ ಮುಗಿದ ಮೇಲೆ ಕೇಳುವ ಪ್ರಶ್ನೆ ಮಾತ್ರ ಬದಲಾಗಿದೆ. "ಅಕ್ಕ, ನಾಲ್ಕು ವರ್ಷ ಆದಮೇಲೆ ಏನು ಮಾಡೋದು?" ಇಪ್ಪತ್ತು ತುಂಬದ ಹುಡುಗ ಕೆಲಸ ಸೇರುವ ಮೊದಲೇ ಬಿಟ್ಟ ಮೇಲಿನ ದಿನ ಯೋಚಿಸುತ್ತಾನೆ. ಹಾಗೆ ಯೋಚಿಸಲು ಅವನಿಗೆ ಕಲಿಸಿದವರು ನಾವೇ.

ಹಾಗಂತ ಹುಡುಗರದ್ದು ತಪ್ಪೇ ಇಲ್ಲ ಎಂದು ನಾನು ಹೇಳುವುದಿಲ್ಲ. ಬಿಡುವುದಾದರೆ ಬಿಡಿ, ಆದರೆ ಒಂದು ಮಾತು ಹೇಳಿ ಬಿಡಿ. ಅಂಗಡಿ ಬಾಗಿಲು ತೆರೆಯಲು ನಿಮ್ಮನ್ನೇ ನಂಬಿಕೊಂಡವರು ಇರುತ್ತಾರೆ, ಫೋನ್ ಆಫ್ ಮಾಡಿದರೆ ಅವರ ದಿನ ಹಾಳು. ಮುಂದೆ ನಿಮ್ಮ ನಂತರ ಬರುವವರನ್ನೂ ಅವರು ಅನುಮಾನದಿಂದ ನೋಡುತ್ತಾರೆ. ರೀಲ್ಸ್‌ನಲ್ಲಿ ಯಾರೋ ಆರು ತಿಂಗಳಲ್ಲಿ ಲಕ್ಷ ದುಡಿದೆ ಅಂದದ್ದನ್ನು ನಂಬಿ ಕೋರ್ಸಿಗೆ ದುಡ್ಡು ಕಟ್ಟುವ ಮೊದಲು ಒಂದು ಸಲ ಬಂದು ಮಾತಾಡಿ, ನಾನು ಫೀಸ್ ಕೇಳುವುದಿಲ್ಲ. ವರ್ಕ್ ಫ್ರಂ ಹೋಂ ಕೆಲಸ ಕೊಡಿಸುತ್ತೇವೆ, ಮೊದಲು ರಿಜಿಸ್ಟ್ರೇಷನ್ ಹಣ ಹಾಕಿ ಅಂದವರಿಗಂತೂ ಒಂದು ರೂಪಾಯಿಯೂ ಹಾಕಬೇಡಿ. ಕೆಲಸ ಕೊಡುವವರು ನಿಮಗೆ ದುಡ್ಡು ಕೊಡಬೇಕು, ನಿಮ್ಮಿಂದ ಕೇಳಬಾರದು.

ಇನ್ನು ಅಪ್ಪ-ಅಮ್ಮಂದಿರು. ಸರ್ಕಾರಿ ಕೆಲಸ ಇದ್ದರೆ ಮಾತ್ರ ಹೆಣ್ಣು ಕೊಡುತ್ತೇವೆ ಅನ್ನುವವರೂ ನೀವೇ, ಮಗ ಪರೀಕ್ಷೆಗೆ ಕಾಯುತ್ತಾ ಕೂತರೆ ಬೈಯುವವರೂ ನೀವೇ. ಎಲೆಕ್ಟ್ರಿಕಲ್ ಕೆಲಸ ಕಲಿತು ಪೊನ್ನಂಪೇಟೆಯಿಂದ ಕುಟ್ಟದವರೆಗೆ ಬೈಕಿನಲ್ಲಿ ಸುತ್ತಿ ಚೆನ್ನಾಗಿ ದುಡಿಯುವ ಹುಡುಗನಿಗೆ ನಮ್ಮ ಮದುವೆ ಮಾತುಕತೆಯಲ್ಲಿ ಬೆಲೆ ಇಲ್ಲ. ಮೊದಲು ಅದನ್ನು ಸರಿ ಮಾಡಿಕೊಳ್ಳೋಣ.

ಚೀಟಿ ಅಂಟಿಸಲು ಬರುವವರಿಗೆ ನಾನು ಈಗ ಕೇಳುವುದು ನಾಲ್ಕು ವಿಷಯ. ಸಂಬಳ ಎಷ್ಟು, ಎಷ್ಟನೇ ತಾರೀಕು ಕೊಡುತ್ತೀರಿ, ಕೆಲಸ ಎಷ್ಟು ಗಂಟೆಯಿಂದ ಎಷ್ಟು ಗಂಟೆವರೆಗೆ, ವಾರದಲ್ಲಿ ರಜೆ ಯಾವ ದಿನ. ಮೊದಲು ಮುಖ ಸಣ್ಣ ಮಾಡುತ್ತಾರೆ. ಆದರೂ ಹೋದ ಕೊಯ್ಲಿನ ಹೊತ್ತಿಗೆ ಹಾರ್ಡ್‌ವೇರ್ ಅಂಗಡಿಯ ಒಬ್ಬರು ನಾಲ್ಕನ್ನೂ ಬರೆಸಿ ಅಂಟಿಸಿದರು, ಬಿಲ್ಲಿಂಗ್ ಕೆಲಸ, ಭಾನುವಾರ ರಜೆ. ಆ ವಾರವೇ ಬಿ.ಕಾಂ. ಮುಗಿಸಿದ ಹುಡುಗಿ ಸೇರಿದಳು, ಈಗಲೂ ಅಲ್ಲೇ ಇದ್ದಾಳೆ. ಅಂಗಡಿಯಿಂದ ಬಂದು ಸಂಜೆ ಬ್ಯಾಂಕ್ ಪರೀಕ್ಷೆಗೆ ಓದುತ್ತಾಳೆ, ಅದು ಮಾಲೀಕರಿಗೂ ಗೊತ್ತು, ಪರೀಕ್ಷೆ ದಿನ ರಜೆ ಕೊಡುತ್ತಾರೆ. ನೀವೂ ಆ ನಾಲ್ಕನ್ನು ಬರೆದು ತನ್ನಿ. ಟೈಪ್ ಮಾಡಿ ಪ್ರಿಂಟ್ ತೆಗೆದು ಬೋರ್ಡಿನ ಮೇಲ್ಗಡೆಯೇ ಅಂಟಿಸುತ್ತೇನೆ, ಅದಕ್ಕೆ ದುಡ್ಡು ಬೇಡ.