ತೆರಬಂಡಿಗೆ ನಾಲ್ಕು ಲಕ್ಷ, ಹಗೇವಿಗೆ 212

ಹೋದ ವರ್ಷ ನಾನು ಫೋನಿನಲ್ಲೇ ಎರಡು ವಿಡಿಯೋ ಮಾಡಿ ಹಾಕಿದ್ದೆ. ಒಂದು 38 ಸೆಕೆಂಡಿನದು, ಇನ್ನೊಂದು 14 ನಿಮಿಷದ್ದು. ಮೊದಲನೆಯದನ್ನು ನಾಲ್ಕು ಲಕ್ಷಕ್ಕೂ ಜಾಸ್ತಿ ಜನ ನೋಡಿದರು. ಎರಡನೆಯದಕ್ಕೆ ಮೂರು ತಿಂಗಳಾದರೂ ವ್ಯೂ 212 ದಾಟಲಿಲ್ಲ, ಅದರಲ್ಲೂ ಹತ್ತಿಪ್ಪತ್ತು ನಮ್ಮ ಮನೆಯವರದ್ದೇ ಇರಬೇಕು. ಇವತ್ತಿಗೆ ಮೊದಲನೆಯದು ಇಲ್ಲ. ನಾನೇ ಅಳಿಸಿಹಾಕಿದೆ. ಎರಡನೆಯದು ಇದೆ, ಇರುತ್ತದೆ.

ತೆರಬಂಡಿ ಗೊತ್ತಲ್ವಾ? ನಮ್ಮ ವಿಜಯಪುರ, ಬಾಗಲಕೋಟೆ ಕಡೆ ಜಾತ್ರೆ ಬಂತೆಂದರೆ ಜನ ಇದನ್ನು ನೋಡಲಿಕ್ಕೇ ಬರುತ್ತಾರೆ. ಗಾಲಿ ಉರುಳದ ಹಾಗೆ ಕಟ್ಟಿದ ಬಂಡಿಯನ್ನು ಎತ್ತುಗಳು ಎಳೆಯಬೇಕು, ಯಾರ ಜೋಡಿ ಜಾಸ್ತಿ ದೂರ ಎಳೆಯಿತೋ ಅವರಿಗೆ ಬಹುಮಾನ. ಪಕ್ಕದ ಊರಿನ ಜಾತ್ರೆಯಲ್ಲಿ ಒಂದು ಜೋಡಿ ಎಳೆಯುವಾಗ ಹಗ್ಗ ಹರಿಯಿತು. ಜೊತೆಗೆ ಓಡುತ್ತಿದ್ದ ಒಬ್ಬರು ಮುಗ್ಗರಿಸಿ ಬಿದ್ದರು, ಧೋತರ ಬಿಚ್ಚಿಹೋಯಿತು, ಮೈಯೆಲ್ಲ ಧೂಳು. ಪೆಟ್ಟಾಗಲಿಲ್ಲ. ಸುತ್ತಲಿದ್ದವರು ನಕ್ಕರು. ನಾನು ಫೋನ್ ಹಿಡಿದು ನಿಂತಿದ್ದೆ. ರಾತ್ರಿ ಹಾಕಿದೆ, ಬೆಳಗ್ಗೆ ಎದ್ದು ನೋಡಿದರೆ 60 ಸಾವಿರ.

ಆ ಮೂರು ದಿನ ನಾನು ನೆಲದ ಮೇಲೆ ಇರಲಿಲ್ಲ. ಹೊಲಕ್ಕೆ ಹೋದಾಗಲೂ ತೆಗೆದು ನೋಡುವುದು, ಊಟಕ್ಕೆ ಕೂತಾಗಲೂ ತೆಗೆದು ನೋಡುವುದು.

ನಾಲ್ಕನೇ ದಿನ ಸಂತೆಯಲ್ಲಿ ಅವರೇ ಎದುರಿಗೆ ಸಿಕ್ಕರು. ಬೈಯಲಿಲ್ಲ. "ತಮ್ಮಾ, ಅದನ್ನ ತೆಗದ್ ಬಿಡಪಾ. ಮಗಳು ಸಾಲಿಗಿ ಹೋಗಾಕ ಒಲ್ಲೆ ಅಂತಾಳ" ಅಂದರು, ಅಷ್ಟೇ. ಅಲ್ಲೇ ನಿಂತು ಅಳಿಸಿದೆ. ಆದರೆ ಅಷ್ಟರಲ್ಲಿ ಯಾರೋ ಅದನ್ನು ಇಳಿಸಿಕೊಂಡು, ಹಿಂದೆ ನಗುವ ಸದ್ದು ಸೇರಿಸಿ, ತಮ್ಮ ಪೇಜಿನಲ್ಲಿ ಹಾಕಿದ್ದರು. ಅದನ್ನು ಅಳಿಸುವುದು ನನ್ನ ಕೈಯಲ್ಲಿ ಇರಲಿಲ್ಲ. ಈಗಲೂ ಆ ದಾರಿಯಲ್ಲಿ ಹೋಗುವಾಗ ನನಗೆ ಅವರ ಮನೆ ಕಡೆ ನೋಡಲಿಕ್ಕೆ ಆಗುವುದಿಲ್ಲ. ನಾಲ್ಕು ಲಕ್ಷ ಅನ್ನುವ ಸಂಖ್ಯೆಯಲ್ಲಿ ಆ ಹುಡುಗಿಯ ಅಳು ಎಲ್ಲಾದರೂ ಲೆಕ್ಕಕ್ಕೆ ಬಂತಾ? ಮೂರು ದಿನ ನನಗೂ ಅದು ಕಾಣಲಿಲ್ಲ, ಕಂಡದ್ದು ಏರುವ ಅಂಕಿ ಮಾತ್ರ.

ಇನ್ನು ಎರಡನೆಯದರ ಮಾತು. ಅದು ನಮ್ಮ ಮುತ್ಯಾ, ಅಂದರೆ ಅಜ್ಜ, ಹಗೇವಿನ ಬಗ್ಗೆ ಹೇಳಿದ ವಿಡಿಯೋ. ಈಗಿನ ಹುಡುಗರಿಗೆ ಹಗೇವು ಅಂದರೆ ಗೊತ್ತಿಲ್ಲ, ಅದಕ್ಕೇ ಮಾಡಿದ್ದೆ. ಮೊದಲು ನಮ್ಮ ಕಡೆ ಜೋಳ ಇಡುತ್ತಿದ್ದದ್ದು ನೆಲದ ಒಳಗೆ. ನೀರು ನಿಲ್ಲದ ಎತ್ತರದ ಜಾಗ ನೋಡಿ ಅಗೆಯಬೇಕು. ಬಾಯಿ ಸಣ್ಣದು, ಒಬ್ಬ ಮನುಷ್ಯ ಇಳಿಯುವಷ್ಟು; ಹೊಟ್ಟೆ ದೊಡ್ಡದು. ಒಳಗೆ ಸುತ್ತಲೂ ಕಣಿಕಿ, ಹೊಟ್ಟು ಹಾಕಿ, ಚೆನ್ನಾಗಿ ಒಣಗಿದ ಜೋಳ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿಬಿಡುವುದು. ನಮ್ಮ ಡೋಣಿ ಹೊಳೆಯ ದಂಡೆಯ ಹೊಲಗಳ ಬಗ್ಗೆ, ಡೋಣಿ ಬೆಳೆದರೆ ಓಣಿಯೆಲ್ಲಾ ಜೋಳ ಅನ್ನುತ್ತಾರಲ್ಲ, ಆ ಜೋಳ ಬರದ ವರ್ಷದ ತನಕ ಉಳಿಯಬೇಕಾದರೆ ಹಗೇವೇ ಬೇಕಿತ್ತು.

ಮುತ್ಯಾ ಇದರಲ್ಲಿ ಐದು ನಿಮಿಷ ಬರೀ ಬಾಯಿ ತೆರೆಯುವುದರ ಬಗ್ಗೆ ಮಾತಾಡಿದ್ದಾರೆ. ತೆರೆದ ಕೂಡಲೇ ಯಾರೂ ಇಳಿಯಬಾರದು. ಗಾಳಿ ಆಡಲಿಕ್ಕೆ ಬಿಡಬೇಕು, ಆಮೇಲೆ ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಬಿಡಬೇಕು, ದೀಪ ಆರಿದರೆ ಒಳಗೆ ಸಾವು ಇದೆ ಅಂತ ಲೆಕ್ಕ. ಆರದಿದ್ದರೂ ಒಬ್ಬರೇ ಇಳಿಯುವ ಹಾಗಿಲ್ಲ, ಸೊಂಟಕ್ಕೆ ಹಗ್ಗ ಇರಬೇಕು, ಮೇಲೆ ಜನ ಇರಬೇಕು. ಕಾರಣ ಇಷ್ಟೇ: ಕಾಳು ಕೂಡ ಉಸಿರಾಡುತ್ತದೆ. ಮುಚ್ಚಿದ ಜಾಗದಲ್ಲಿ ಆಮ್ಲಜನಕ ತೀರುತ್ತಾ ಬಂದು ಇಂಗಾಲದ ಡೈಆಕ್ಸೈಡ್ ತುಂಬಿಕೊಳ್ಳುತ್ತದೆ. ಹುಳ ಸಾಯುವುದು ಅದರಿಂದಲೇ, ಜೋಳ ಕೆಡದೆ ಇರುವುದೂ ಅದರಿಂದಲೇ, ಅವಸರ ಮಾಡಿ ಇಳಿದವರು ಮೇಲೆ ಬರದೆ ಇರುವುದೂ ಅದರಿಂದಲೇ.

ಮಳೆಗಾಲಕ್ಕೆ ಮೊದಲು ಒಂದು ಫೋನ್ ಬಂತು. ಸಿಂದಗಿ ಕಡೆಯ ಒಂದು ಊರಿನವರು, ನನಗೆ ಪರಿಚಯ ಇಲ್ಲ. ಹಳೇ ಮನೆ ಕೆಡವಿ ಹೊಸ ಮನೆ ಕಟ್ಟುತ್ತಿದ್ದರು. "ನಮ್ಮ ಆಯಿ ಹೇಳ್ತಿದ್ಲರಿ, ಹಿತ್ತಲದಾಗ ಒಂದ್ ಹಗೇವು ಐತಿ ಅಂತ. ಎಲ್ಲಿ ಅಂತ ಯಾರಿಗೂ ಗೊತ್ತಿರ್ಲಿಲ್ಲ. ನಿಮ್ಮ ಮುತ್ಯಾ ಹಾರಿಲೆ ನೆಲಾ ಕುಟ್ಟಿ ಸಪ್ಪಳ ಕೇಳ್ರಿ ಅಂದಾರಲ್ಲ, ಹಂಗ ಮಾಡಿದ್ವಿ. ಕಾಲಮ್ ಹಾಕೋ ಜಾಗದ ಬಾಜೂಕ ಡಬ್ ಅಂತು." ಬಾಯಿ ತೆರೆದು ಕಂದೀಲು ಬಿಟ್ಟರಂತೆ. ಆರಿತಂತೆ. ಯಾರನ್ನೂ ಇಳಿಸಲಿಲ್ಲ, ಮೇಲಿನಿಂದಲೇ ಗರಸು ಹಾಕಿ ತುಂಬಿ ಗಟ್ಟಿ ಮಾಡಿಕೊಂಡರು.

ಇದರಲ್ಲಿ ನನಗೆ ಇನ್ನೂ ಬಿಡದೆ ಕಾಡುವ ಒಂದು ವಿಷಯ ಇದೆ. ಅವರು ಲೈಕ್ ಒತ್ತಿರಲಿಲ್ಲ. ಒತ್ತುವುದು ಇರಲಿ, ನನ್ನ ಪೇಜನ್ನೇ ನೋಡಿರಲಿಲ್ಲ. ಅವರ ಅಳಿಯ ವಿಡಿಯೋ ಇಳಿಸಿಕೊಂಡು ವಾಟ್ಸಾಪಿನಲ್ಲಿ ಕಳಿಸಿದ್ದ, ನಂಬರನ್ನೂ ಅವನೇ ಹುಡುಕಿ ಕೊಟ್ಟಿದ್ದ. ಅಂದರೆ ಆ ವಿಡಿಯೋದಿಂದ ಎಲ್ಲರಿಗಿಂತ ಜಾಸ್ತಿ ಉಪಯೋಗ ಆದ ಮನುಷ್ಯ ಆ 212ರಲ್ಲಿ ಇಲ್ಲವೇ ಇಲ್ಲ.

ಈ ಸಂಖ್ಯೆ ಎಲ್ಲಿಂದ ಬರುತ್ತದೆ ಅಂತ ಆಮೇಲೆ ಕೂತು ಓದಿದೆ. ಫೇಸ್‌ಬುಕ್ ಲೈಕ್ ಗುಂಡಿ ತಂದದ್ದು 2009ರಲ್ಲಿ. 2012ರಲ್ಲಿ ಯೂಟ್ಯೂಬ್ ತನ್ನ ನಿಯಮ ಬದಲಿಸಿತು, ಎಷ್ಟು ಜನ ಒತ್ತಿದರು ಅನ್ನುವುದಕ್ಕಿಂತ ಎಷ್ಟು ಹೊತ್ತು ನೋಡಿದರು ಅನ್ನುವುದಕ್ಕೆ ಹೆಚ್ಚು ಬೆಲೆ ಕೊಡಲು ಶುರು ಮಾಡಿತು. 2017ರಲ್ಲಿ ಫೇಸ್‌ಬುಕ್ ಲೆಕ್ಕದಲ್ಲಿ ಒಂದು ಲೈಕಿಗೆ ಒಂದು ಅಂಕ ಇದ್ದರೆ ಸಿಟ್ಟಿನ ಮುಖದಂಥ ಇಮೋಜಿಗಳಿಗೆ ಐದು ಅಂಕ ಇತ್ತು. ಹೀಗೆ ಮಾಡಿದರೆ ಸುಳ್ಳು, ಜಗಳ ಹಬ್ಬುತ್ತದೆ ಅಂತ ಕೊನೆಗೆ 2020ರಲ್ಲಿ ಸಿಟ್ಟಿನ ಮುಖದ ಬೆಲೆಯನ್ನು ಸೊನ್ನೆಗೆ ಇಳಿಸಿದರು. ಸ್ವಲ್ಪ ಯೋಚನೆ ಮಾಡಿ. ನೀವು ಬರೆದದ್ದು ಅದೇ, ಓದುವ ಜನರೂ ಅವರೇ. ಎಲ್ಲೋ ಕೂತ ಇಂಜಿನಿಯರ್ ಒಂದು ಅಂಕಿ ಬದಲಿಸಿದರೆ ನಿನ್ನೆ ಲಕ್ಷ ಜನರ ಮುಂದೆ ಹೋದದ್ದು ಇವತ್ತು ನೂರು ಜನರಿಗೂ ಹೋಗುವುದಿಲ್ಲ. ಅವರ ತಕ್ಕಡಿ ತೂಗುವುದು ಜನರ ಬೆರಳು ಎಲ್ಲಿ ನಿಂತಿತು ಅನ್ನುವುದನ್ನು. ಜಾಹೀರಾತು ತೋರಿಸುವವರಿಗೆ ಅದು ಬೇಕು, ಅವರ ವ್ಯಾಪಾರಕ್ಕೆ ಅದು ಸರಿಯೇ ಇರಬಹುದು. ನಾವು ಅದೇ ತಕ್ಕಡಿಯಲ್ಲಿ ನಮ್ಮ ಕೆಲಸ ತೂಗಿಕೊಂಡು ಕೂತರೆ ಹೇಗೆ?

ಇನ್ನೊಂದು ಪ್ರಯೋಗದ ಬಗ್ಗೆ ಓದಿದಾಗ ನನ್ನ ಕಣ್ಣು ತೆರೆಯಿತು. ಸಾಲ್ಗಾನಿಕ್, ಡಾಡ್ಸ್, ವಾಟ್ಸ್ ಅನ್ನುವ ಮೂವರು 2006ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟಿಸಿದ್ದು. ಯಾರೂ ಕೇಳಿರದ 48 ಹಾಡುಗಳನ್ನು 14 ಸಾವಿರಕ್ಕೂ ಹೆಚ್ಚು ಜನರ ಮುಂದೆ ಇಟ್ಟರು. ಕೆಲವರಿಗೆ ಬರೀ ಹಾಡುಗಳು. ಉಳಿದವರನ್ನು ಎಂಟು ಗುಂಪು ಮಾಡಿ, ತಮ್ಮ ಗುಂಪಿನಲ್ಲಿ ಯಾವ ಹಾಡನ್ನು ಎಷ್ಟು ಜನ ಇಳಿಸಿಕೊಂಡಿದ್ದಾರೆ ಅನ್ನುವ ಸಂಖ್ಯೆಯನ್ನೂ ತೋರಿಸಿದರು. ಒಂದು ಹಾಡು ಒಂದು ಗುಂಪಿನಲ್ಲಿ ಮೊದಲ ಸ್ಥಾನಕ್ಕೆ ಬಂತು, ಅದೇ ಹಾಡು ಇನ್ನೊಂದು ಗುಂಪಿನಲ್ಲಿ 40ನೇ ಸ್ಥಾನಕ್ಕೆ ಹೋಯಿತು! ಮೊದಲು ಬಂದ ನಾಲ್ಕು ಜನ ಯಾವ ಕಡೆ ವಾಲಿದರೋ ಹಿಂದಿನವರೂ ಆ ಕಡೆ ವಾಲಿದರು. ತೀರಾ ಒಳ್ಳೆಯ ಹಾಡು ತೀರಾ ಕೆಳಗೆ ಬಿದ್ದದ್ದು ಕಡಿಮೆ, ತೀರಾ ಕೆಟ್ಟದ್ದು ಮೇಲೆ ಹೋದದ್ದೂ ಕಡಿಮೆ, ಅದನ್ನೂ ಅವರು ಬರೆದಿದ್ದಾರೆ. ನಡುವಿನವುಗಳ ಹಣೆಬರಹ ಮಾತ್ರ ಯಾರ ಕೈಗೂ ಸಿಗಲಿಲ್ಲ. ನಾವೆಲ್ಲ ಮಾಡುವುದು ಬಹಳ ಸಲ ಆ ನಡುವಿನದ್ದೇ ಅಲ್ವಾ?

ಜನ ಜಾಸ್ತಿ ನೋಡಿದ್ದೆಲ್ಲ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಯಾರಿಗೋ ರಕ್ತ ಬೇಕು ಅಂತ ಹಾಕಿದ್ದು ಒಂದೇ ತಾಸಿನಲ್ಲಿ ಜಿಲ್ಲೆಯೆಲ್ಲ ಹಬ್ಬಿ, ಮೂರು ಜನ ಓಡಿ ಬಂದದ್ದನ್ನು ನಾನೇ ನೋಡಿದ್ದೇನೆ. ನನ್ನ ತಕರಾರು ಬೇರೆ. ಸಂಖ್ಯೆ ಕಡಿಮೆ ಇದ್ದರೆ ಕೆಲಸವೇ ಕಡಿಮೆಯದು ಅಂತ ನಂಬಿ ಜನ ಕೈಬಿಡುತ್ತಿದ್ದಾರಲ್ಲ, ಅದು ನನಗೆ ತಡೆಯಲಿಕ್ಕೆ ಆಗುವುದಿಲ್ಲ.

ನಮ್ಮ ಕಾಕಾನ ಮಗಳು ಹೀಗೇ ಕೈಬಿಟ್ಟಳು. ಅವಳ ತಾಯಿಯ ತಾಯಿಗೆ, ಇಂಡಿ ತಾಲೂಕಿನವರು, ಬೀಸುಕಲ್ಲಿನ ಪದ ಬಹಳ ಬರುತ್ತಿದ್ದವು. ಆಯಿ ಹಾಡಿದ್ದನ್ನು ಇವಳು ಫೋನಿನಲ್ಲಿ ಹಿಡಿದು ಒಂದೊಂದೇ ಹಾಕುತ್ತಾ ಬಂದಳು. ಏಳು ಹಾಕಿದಳು. ಏಳನೆಯದಕ್ಕೆ 19 ಲೈಕ್. "ಯಾರೂ ನೋಡಂಗಿಲ್ಲ ಬಿಡೋ ಅಣ್ಣಾ, ಸುಮ್ನೆ ಯಾಕ" ಅಂತ ನಿಲ್ಲಿಸಿದಳು. ನಾನೂ ಆಗ ಹೂಂ ಅಂದೆ, ಆಗ ನನ್ನ ತಲೆಯಲ್ಲೂ ತೆರಬಂಡಿಯೇ ಇತ್ತು. ಶ್ರಾವಣದಲ್ಲಿ ಆಯಿ ತೀರಿಹೋದರು. ಎಷ್ಟು ಪದ ಅವರ ಜೊತೆ ಮಣ್ಣಿಗೆ ಹೋದವೋ ಲೆಕ್ಕವಿಲ್ಲ. ಆ ಏಳು ಮಾತ್ರ ಉಳಿದವು. ಮೊನ್ನೆ ಮನೆಯಲ್ಲಿ ಎಲ್ಲರೂ ಕೂತು ಕೇಳಿದೆವು, ಕಲ್ಲಿನ ಗರಗರ ಸದ್ದಿನ ನಡುವೆ ಅವರ ದನಿ, ಮೂರನೇ ಪದದಲ್ಲಿ ನಡುವೆ ನಿಲ್ಲಿಸಿ "ಜೋಳ ಹಾಕವ್ವಾ" ಅನ್ನುತ್ತಾರೆ. ಕಾಕೂಗೆ ತಡೆಯಲಿಕ್ಕೆ ಆಗಲಿಲ್ಲ, ಎದ್ದು ಒಳಗೆ ಹೋದರು.

ಇದೇ ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು ಇದ್ದರು. ವಕೀಲರು. ಮಠಗಳಲ್ಲಿ, ಮನೆಗಳಲ್ಲಿ ಬಟ್ಟೆ ಕಟ್ಟಿ ಪೂಜೆಗೆ ಇಟ್ಟಿದ್ದ ತಾಡೋಲೆಗಳನ್ನು ಹುಡುಕಿಕೊಂಡು ಊರೂರು ಅಲೆದರು. ವಚನಗಳ ಮೊದಲ ಸಂಪುಟ ಬಂದದ್ದು 1923ರಲ್ಲಿ. ಇದ್ದ ಮನೆ ಮಾರಿ 1925ರಲ್ಲಿ ಹಿತಚಿಂತಕ ಮುದ್ರಣಾಲಯ ಹಾಕಿದರು, ಮರುವರ್ಷ ಶಿವಾನುಭವ ಪತ್ರಿಕೆ ಶುರು ಮಾಡಿದರು. ಎಷ್ಟು ಪ್ರತಿ ಹೋಯಿತು, ಎಷ್ಟು ಜನ ಹೊಗಳಿದರು ಅಂತ ನೋಡಿ ಮುಂದಿನದನ್ನು ಮಾಡುವವರಾಗಿದ್ದರೆ ಯಾರಾದರೂ ಮನೆ ಮಾರುತ್ತಿದ್ದರಾ? ಇವತ್ತು ಬಸವಣ್ಣನ ವಚನ, ಅಕ್ಕನ ವಚನ ಅಂತ ನಾವು ಸ್ಟೇಟಸ್ ಇಡುತ್ತೇವಲ್ಲ, ಅವರಂಥವರು ತಾಡೋಲೆ ಬಿಚ್ಚಿ ಅಚ್ಚು ಹಾಕಿಸಿದ್ದರಿಂದ ಎಷ್ಟೋ ವಚನಗಳು ನಮ್ಮ ಕೈಗೆ ಬಂದಿವೆ.

ನಾನೀಗ ಒಂದು ವಹಿ ಇಟ್ಟಿದ್ದೇನೆ. ಯಾರು ಫೋನ್ ಮಾಡಿದರು, ಏನು ಕೇಳಿದರು, ಅದರಿಂದ ಏನು ಮಾಡಿದರು ಅಂತ ಬರೆದಿಡುತ್ತೇನೆ. ಒಂಬತ್ತು ಸಾಲು ಆಗಿದೆ. ವ್ಯೂ ತೋರಿಸುವುದನ್ನು ನೋಡದೆ ಇರಲಿಕ್ಕೆ ಪ್ರಯತ್ನ ಮಾಡುತ್ತೇನೆ, ಕೆಲವು ದಿನ ಆಗುತ್ತದೆ, ಕೆಲವು ದಿನ ಆಗುವುದಿಲ್ಲ.

ಕಾಕಾನ ಮಗಳು, ಆ ನನ್ನ ತಂಗಿಗೆ, ಮತ್ತೆ ಪದ ಹಿಡಿಯಲಿಕ್ಕೆ ಹೇಳಿ ಒಪ್ಪಿಸಿದ್ದೇನೆ. ಆಯಿಯ ಜೊತೆಗೇ ಬೀಸುತ್ತಿದ್ದ ಇನ್ನೊಬ್ಬ ಅಮ್ಮ ಅದೇ ಓಣಿಯಲ್ಲಿ ಇದ್ದಾರೆ, ಅರ್ಧ ಪದ ಈಕೆ ಹೇಳಿದರೆ ಅರ್ಧ ಆಕೆ ಹೇಳುತ್ತಿದ್ದರಂತೆ. ಹೋಗಿ ಕೇಳಿಕೊಂಡು ಬಂದೆವು. "ಈಗ ಕೈ ಖಾಲಿ ಇಲ್ಲವ್ವಾ, ರಾಶಿ ಮುಗದ ಮ್ಯಾಲೆ ಬರ್ರಿ. ಬೀಸೂಕಲ್ಲು ಹಿತ್ತಲದಾಗ ಬಿದ್ದೈತಿ, ಅದನ್ನೊಂದಿಷ್ಟು ತೊಳದ ಇಡ್ರಿ" ಅಂದರು. ಅವತ್ತೇ ತೊಳೆದು ಪಡಸಾಲೆಗೆ ತಂದು ಇಟ್ಟು ಬಂದಿದ್ದೇವೆ.