ಒಂದ್ವೇಳೆ ಆದ್ರೆ ಎಂತ ಮಾಡ್ಬೇಕು?

ಅಷ್ಟಮಿ ಹತ್ರ ಬಂತು. ಉಡುಪಿಯಲ್ಲಿ ಸಣ್ಣ ಮಕ್ಕಳಿರುವ ಮನೆಯವರಿಗೆ ನಾನು ಹೇಳ್ಬೇಕಾಗಿಲ್ಲ, ಮುದ್ದುಕೃಷ್ಣ ವೇಷ, ಉಂಡೆ, ಚಕ್ಕುಲಿ, ಮತ್ತೆ ಶಾಲೆಯಲ್ಲಿ ಎಲ್ಲರ ಮನೆಯಿಂದ ತಂದ ತಿಂಡಿ ಎಲ್ಲರಿಗೂ ಹಂಚುದು. ಎಲ್ಲರಿಗೆ ಖುಷಿಯ ವಾರ, ನನಗೆ ನಿದ್ದೆ ಬಾರದ ವಾರ, ಯಾಕಂದ್ರೆ ನನ್ನ ಮಗನಿಗೆ ಗೇರುಬೀಜ ಅಲರ್ಜಿ. ಹೊಟ್ಟೆ ಉಬ್ಬರಿಸುವಂಥ ಅಲರ್ಜಿ ಅಲ್ಲ ಮಾರಾಯ್ರೆ. ಹಿಂದೊಮ್ಮೆ ಮದುವೆ ಊಟದಲ್ಲಿ ಪಾಯಸ ಬಾಯಿಗಿಟ್ಟ ಸ್ವಲ್ಪ ಹೊತ್ತಿಗೆ ತುಟಿ ಬಾತು, ಮೈಯೆಲ್ಲ ದದ್ದು ಎದ್ದು, ವಾಂತಿ, ಆಮೇಲೆ ಸ್ವರ ಒಡೆದು ಕೆಮ್ಮು. ಆಸ್ಪತ್ರೆಯಲ್ಲಿ ತೊಡೆಗೆ ಅಡ್ರಿನಾಲಿನ್ ಕೊಟ್ಟ ಮೇಲೆ ಮಗು ಮೊದಲಿನ ಹಾಗೆ ಉಸಿರಾಡಿದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ನಮ್ಮ ಊರಲ್ಲಿ ಗೇರುಬೀಜ ತಪ್ಪಿಸುದು ಅಂದ್ರೆ ಸುಲಭ ಉಂಟಾ? ಪಾಯಸಕ್ಕೆ ಅದು, ಉಪ್ಕರಿಗೆ ಅದು, ಕುರ್ಮಕ್ಕೆ ಅರೆದು ಹಾಕುದು ಅದೇ. ಅರೆದದ್ದು ಕಣ್ಣಿಗೂ ಕಾಣುದಿಲ್ಲ. ಪಿಸ್ತಾ ಕೂಡ ಬೇಡ ಅಂದಿದ್ದಾರೆ ಡಾಕ್ಟ್ರು, ಎರಡೂ ಒಂದೇ ಜಾತಿಯವು, ಒಂದು ಆಗದವರಿಗೆ ಇನ್ನೊಂದೂ ಆಗದಿರುದು ಜಾಸ್ತಿ ಅಂತೆ. ಪ್ಯಾಕೆಟ್ ತಿಂಡಿಯಾದ್ರೆ ಹಿಂದೆ ಓದಬಹುದು, 2020ರ ಲೇಬಲ್ ನಿಯಮದ ಪ್ರಕಾರ ಬೀಜಗಳು, ಹಾಲು, ಮೊಟ್ಟೆ, ಮೀನು, ಸೋಯಾ ಇದ್ರೆ ಬರೀಲೇಬೇಕು. ಮನೆಯಲ್ಲಿ ಕಟ್ಟಿದ ಉಂಡೆಗೆ ಯಾವ ಲೇಬಲ್?

ಈ ವಾರ ಶಾಲೆಗೆ ಹೋದದ್ದು ಅದಕ್ಕೇ. ದುಬೈಯಲ್ಲಿರುವ ಭಾವ ಡಾಕ್ಟ್ರ ಚೀಟಿ ತೋರಿಸಿ ತಂದುಕೊಟ್ಟ ಅದೇ ಅಡ್ರಿನಾಲಿನ್‌ನ ಇಂಜೆಕ್ಷನ್ ಪೆನ್ ಉಂಟು, ಇಲ್ಲಿ ಮೆಡಿಕಲ್‌ನಲ್ಲಿ ಕೇಳಿದ ಕೂಡ್ಲೆ ಸಿಗುವಂಥದ್ದಲ್ಲ ಅದು, ಇಲ್ಲಿ ತುಂಬ ಜನಕ್ಕೆ ಡಾಕ್ಟ್ರು ಮದ್ದಿನ ಆಂಪೂಲ್ (ಸಣ್ಣ ಗಾಜಿನ ಬಾಟ್ಲಿ) ಮತ್ತೆ ಸಿರಿಂಜ್ ಕೊಟ್ಟು ಎಷ್ಟು ಎಳೀಬೇಕು ಅಂತ ಕಲಿಸ್ತಾರೆ. ಟೀಚರ್ ನನ್ನ ಮಾತು ಪೂರ್ತಿ ಕೇಳುವ ಮೊದಲೇ "ಎಂತ ಆಗುದಿಲ್ಲ ಮೇಡಂ, ನೀವು ಟೆನ್ಶನ್ ಮಾಡ್ಬೇಡಿ, ನಾವಿದ್ದೇವಲ್ಲ" ಅಂದ್ರು. ಒಳ್ಳೆಯವರು, ಮಕ್ಕಳಂದ್ರೆ ಜೀವ ಅವರಿಗೆ. ಆದ್ರೆ ಆ ಮಾತಿನ ಮುಂದೆ ನನಗೆ ಬಾಯಿ ಬರ್ಲಿಲ್ಲ. ಆಗ ಪಕ್ಕದಲ್ಲಿ ಬೆಂಚು ಒರೆಸ್ತಾ ಇದ್ದ ಆಯಾ ಬಟ್ಟೆ ಕೆಳಗಿಟ್ಟು ಕೇಳಿದ್ರು, "ಅಲ್ಲ ಮೇಡಂ, ಒಂದ್ವೇಳೆ ಆದ್ರೆ ಎಂತ ಮಾಡ್ಬೇಕು?"

ಅಷ್ಟೇ. ಆ ಪ್ರಶ್ನೆ ವಾರವಿಡೀ ನನ್ನ ತಲೆಯಲ್ಲಿ ಉಂಟು. ಇಷ್ಟು ವರ್ಷದಲ್ಲಿ ಎಷ್ಟು ಜನ ಎಷ್ಟು ಧೈರ್ಯ ಹೇಳಿದ್ದಾರೆ, ದೇವರಿದ್ದಾನೆ ಅಂದಿದ್ದಾರೆ, ನಮ್ಮ ಕಾಲದಲ್ಲಿ ಇದೆಲ್ಲ ಎಲ್ಲಿತ್ತು ಅಂದಿದ್ದಾರೆ, ಸ್ವಲ್ಪ ಸ್ವಲ್ಪ ಕೊಟ್ರೆ ಅಭ್ಯಾಸ ಆಗ್ತದೆ ಅಂದವರೂ ಇದ್ದಾರೆ (ದಯವಿಟ್ಟು ಇದನ್ನು ಯಾರಿಗೂ ಹೇಳ್ಬೇಡಿ, ಆ ಥರದ ಚಿಕಿತ್ಸೆ ಇರುದು ಸ್ಪೆಷಲಿಸ್ಟ್ ಕೈಯಲ್ಲಿ, ಅಜ್ಜಿಮನೆಯ ಅಡುಗೆಕೋಣೆಯಲ್ಲಲ್ಲ). ಆದ್ರೆ ಎಂತ ಮಾಡ್ಬೇಕು ಅಂತ ಹೊರಗಿನವರು ಕೇಳಿದ್ದು ಇದೇ ಮೊದಲು.

ಅಲ್ಲೇ ಬೆಂಚಲ್ಲಿ ಕೂತು ಹೇಳಿದೆ. ಬರೀ ದದ್ದು, ತುರಿಕೆ ಆದ್ರೆ ಅಲರ್ಜಿಯ ಸೆಟ್ರಿಜಿನ್ ಸಿರಪ್ ಕೊಟ್ಟು, ನನಗೆ ಫೋನ್ ಮಾಡಿ, ಕಣ್ಣಿಟ್ಟು ಪಕ್ಕದಲ್ಲೇ ಕೂತಿರುದು. ಸ್ವರ ಬದಲಾದ್ರೆ, ಕೆಮ್ಮು ನಿಲ್ಲದಿದ್ರೆ, ಉಸಿರು ಸಿಳ್ಳೆ ಹೊಡೆದ್ರೆ, ಮಗು ಬಿಳಿಚಿಕೊಂಡು ಸುಸ್ತಾದ್ರೆ, ಸಿರಪ್‌ಗೆ ಕಾಯ್ಲೇಬಾರದು, ಅದು ಉಸಿರಿನ ದಾರಿ ಬಿಡಿಸುದಿಲ್ಲ. ಪೆನ್ನೇ. ತೊಡೆಯ ಹೊರಬದಿ, ನಡುಮಧ್ಯಕ್ಕೆ. ಚಡ್ಡಿ ಮೇಲಿಂದ್ಲೂ ಆಗ್ತದೆ. ಆಮೇಲೆ 108, ಆಮೇಲೆ ನಾನು. ಮಲಗಿಸಿ ಕಾಲು ಎತ್ತರಕ್ಕೆ ಇಡುದು, ಉಸಿರಿಗೆ ಕಷ್ಟ ಆದ್ರೆ ಕೂರಿಸಬಹುದು, ಎದ್ದು ನಡೆಸ್ಲೇಬಾರದು. ಐದು ನಿಮಿಷದಲ್ಲಿ ಸುಧಾರಿಸದಿದ್ರೆ ಇನ್ನೊಂದು ಪೆನ್. ಸರಿಯಾದ ಹಾಗೆ ಕಂಡ್ರೂ ಆಸ್ಪತ್ರೆಗೆ ಹೋಗ್ಲೇಬೇಕು, ಕೆಲವು ಗಂಟೆ ಬಿಟ್ಟು ಅದೇ ತೊಂದರೆ ತಿರುಗಿ ಬರುದು ಉಂಟು.

ಅವರು ಸುಮ್ಮನೆ ತಲೆ ಆಡಿಸ್ಲಿಲ್ಲ. "ಅಕಸ್ಮಾತ್ ಬೇಡದೇ ಇದ್ದಾಗ ಚುಚ್ಚಿದ್ರೆ ಮಗುಗೆ ಎಂತಾದ್ರೂ ಆಗ್ತದಾ?" ಅಂದ್ರು. ನಾನೂ ಡಾಕ್ಟ್ರ ಹತ್ರ ಇದನ್ನೇ ಕೇಳಿದ್ದೆ. ಸ್ವಲ್ಪ ಹೊತ್ತು ಎದೆ ಹೊಡ್ಕೊಳ್ತದೆ, ಕೈ ನಡುಗ್ತದೆ, ಅಷ್ಟೇ, ತಡ ಮಾಡಿದ್ರೆ ಮಾತ್ರ ಅಪಾಯ, ಡೌಟ್ ಬಂದ್ರೆ ಕೊಟ್ಟುಬಿಡಿ ಅಂದಿದ್ರು. ಅದನ್ನೇ ಹೇಳಿದೆ. ಸೂಜಿ ಇಲ್ಲದ ಪ್ರಾಕ್ಟೀಸ್ ಪೆನ್ ಕೈಗೆ ಕೊಟ್ಟಾಗ ತನ್ನದೇ ತೊಡೆಗೆ ಒತ್ತಿ ನೋಡಿ, ಮುಚ್ಚಳದ ಬಣ್ಣ ನೋಡಿ "ನೀಲಿ ಮೇಲೆ, ಕಿತ್ತಳೆ ಕಾಲಿಗೆ" ಅಂತ ತಾವೇ ಹೇಳಿಕೊಂಡ್ರು. ಟೀಚರ್ ಕೂಡ ಬಂದು ನಿಂತು, ತಾನೂ ಒಮ್ಮೆ ಒತ್ತಿ ನೋಡಿದ್ರು.

ಆ ದಿನ ರಾತ್ರಿ ನನಗೆ ನಿದ್ದೆ ಬಂತು. ಗೇರುಬೀಜ ಊರಲ್ಲಿ ಹಾಗೇ ಉಂಟು, ಅಷ್ಟಮಿಯೂ ಹಾಗೇ ಉಂಟು, ಬದಲಾದದ್ದು ಅಂದ್ರೆ ನಾನಿಲ್ಲದ ಜಾಗದಲ್ಲಿ ಕೈ ನಡುಗದೆ ಚುಚ್ಚುವವರೊಬ್ಬರು ಇದ್ದಾರೆ. ಆಹಾರದ ಅಲರ್ಜಿಯಿಂದ ಜೀವ ಹೋಗುದು ಬಹಳ ಅಪರೂಪ ಅಂತ ಡಾಕ್ಟ್ರು ಹೇಳಿದಾಗ ನನ್ನ ಹೆದರಿಕೆ ಇಳಿದಿರ್ಲಿಲ್ಲ, ಇದಕ್ಕೆ ಇಳೀತು.

ಮತ್ತೆ ಒಂದು ಮಾತು ಹೇಳ್ಲೇಬೇಕು. ಶಾಲೆಯಲ್ಲಿ ಇಂಥ ವಿಷಯ ಅಂದ್ರೆ ಹೆಡ್ ಮಿಸ್, ಆಫೀಸು, ಫಾರ್ಮು, ಸೈನು. ಮಕ್ಕಳ ಡಬ್ಬಿ ಬಿಡಿಸಿಕೊಡುದು, ವಾಂತಿ ಒರೆಸುದು, ಮುಖ ಬಾಡಿದ್ದನ್ನು ಮೊದಲು ಕಾಣುದು ಆಯಾ, ವ್ಯಾನಿನ ಅಣ್ಣ. ಅವರನ್ನು ಯಾವ ಮೀಟಿಂಗಿಗೂ ಕರೆಯುದಿಲ್ಲ, ಸಂಬಳವೂ ಎಲ್ಲರಿಗಿಂತ ಕಡಿಮೆ. ಆಫೀಸಿನ ಕಪಾಟಿಗೆ ಬೀಗ ಹಾಕಿ ಪೆನ್ ಇಟ್ರೆ ಯಾರಿಗೆ ಪ್ರಯೋಜನ? ಕೈಗೆ ಸಿಗುವ ಕಡೆ ಇರಬೇಕು, ಬಿಸಿಲು ತಾಗದ ಹಾಗೆ, ಫ್ರಿಜ್ಜಿನಲ್ಲೂ ಅಲ್ಲ, ಎಕ್ಸ್‌ಪೈರಿ ತಾರೀಕು ಹೊರಗೆ ದಪ್ಪಕ್ಕೆ ಬರೆದು.

ಡಾಕ್ಟ್ರು ಕೊಟ್ಟ ಪ್ಲಾನ್ ಶೀಟ್ ಇಂಗ್ಲಿಷಲ್ಲಿತ್ತು, ಕನ್ನಡದಲ್ಲಿ ಬರೆದು ಮಗನ ಫೋಟೋ ಅಂಟಿಸಿದ್ದೇನೆ, ಅವರಿಗೆ ತೋರಿಸಿ ಸೈನ್ ಹಾಕಿಸಿಯೂ ಆಯ್ತು. ವ್ಯಾನಿನ ಅಣ್ಣ ಶನಿವಾರ ಕೊನೆಯ ಟ್ರಿಪ್ ಮುಗಿಸಿ ಮನೆಗೆ ಬರ್ತೇನೆ ಅಂದಿದ್ದಾರೆ, ಅವರಿಗೂ ಪ್ರಾಕ್ಟೀಸ್ ಪೆನ್ ಒತ್ತಿಸಿ ತೋರಿಸ್ಬೇಕು.